ಮಿಷಿಗನ್ ಸರೋವರದ ದಂಡೆಯಲ್ಲಿ ಬ್ರೂವರಿ ಪ್ರವಾಸ: ಎಲ್ಲಿ ನಿಲ್ಲಬೇಕು, ಕಾರು ಯಾರು ಓಡಿಸಬೇಕು?

ನೇಪರ್‌ವಿಲ್ ನಿವಾಸಿ
ಗೆಳೆಯರೇ, ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ರಾತ್ರಿಯ ಪ್ರವಾಸ ಹೊರಟಿದ್ದೇವೆ. ಶಿಕಾಗೋ ಬಿಟ್ಟು, ಮಿಷಿಗನ್ ಸರೋವರವನ್ನು ಎಡಗಡೆ ಇಟ್ಟುಕೊಂಡು ಉತ್ತರಕ್ಕೆ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯ ತನಕ ಹೋಗಿ ಬರುವುದು. ದಾರಿಯಲ್ಲಿ ಒಳ್ಳೆಯ ಬಾರು, ಬ್ರೂವರಿಗಳಲ್ಲಿ ಕುಳಿತು ಆಯಾ ಊರಿನ ಬಿಯರ್ ರುಚಿ ನೋಡಬೇಕೆಂಬುದು ನನ್ನ ಮತ್ತು ಭಾವಮೈದನ ಬಹುದಿನದ ಆಸೆ.

ಸದ್ಯ ನಕ್ಷೆಯಲ್ಲಿ ಗುರುತು ಹಾಕಿರುವುದು: ಕಲಮಜೂವಿನ ಬೆಲ್ಸ್, ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಫೌಂಡರ್ಸ್, ಹಾಲೆಂಡ್ ಊರಿನ ನ್ಯೂ ಹಾಲೆಂಡ್, ಮಸ್ಕೀಗನ್‌ನ ಪಿಜನ್ ಹಿಲ್, ಫ್ರ್ಯಾಂಕ್‌ಫರ್ಟ್‌ನ ಸ್ಟಾರ್ಮ್‌ಕ್ಲೌಡ್, ಸಟನ್ಸ್ ಬೇಯ ಹಾಪ್ ಲಾಟ್, ಟ್ರಾವರ್ಸ್ ಸಿಟಿಯ ರೈಟ್ ಬ್ರೈನ್, ಬೆಲ್ಲೇರ್‌ನ ಶಾರ್ಟ್ಸ್. ಬಿಟ್ಟುಹೋಗಿರುವುದಿದ್ದರೆ ಸೇರಿಸಿ. ಹೆಂಡತಿ ಕುಡಿಯುವುದಿಲ್ಲ, ಹಾಗಾಗಿ ಕಾರು ಓಡಿಸುವವರ ಚಿಂತೆ ಇಲ್ಲ. ದಾವಣಗೆರೆಯಿಂದ ಬಂದಿರುವ ಮಾವನವರೂ ಜೊತೆಗಿರುತ್ತಾರೆ. ಅವರು ಶುದ್ಧ ಸಸ್ಯಾಹಾರಿ. ಬಿಯರ್ ವಿಷಯದಲ್ಲಿ ಅಷ್ಟೇನೂ ಶುದ್ಧರಲ್ಲ ಎಂದು ಭಾವಮೈದ ಹೇಳುತ್ತಾನೆ, ನಾನು ಕೇಳಲು ಹೋಗಿಲ್ಲ.

ಕಲಮಜೂ ಕನ್ನಡತಿ
"ಕಾರು ಓಡಿಸುವವರ ಚಿಂತೆ ಇಲ್ಲ" ಎಂಬ ಸಾಲನ್ನು ನಿಮ್ಮ ಹೆಂಡತಿಗೆ ತೋರಿಸಿದ್ದೀರಾ?

ಗ್ರ್ಯಾಂಡ್ ರ‍್ಯಾಪಿಡ್ಸ್ ಗಿರಾಕಿ
ಪಟ್ಟಿ ಚೆನ್ನಾಗಿದೆ, ಆದರೆ ನಮ್ಮ ಊರಿಗೆ ಬಂದು ಫೌಂಡರ್ಸ್ ಒಂದನ್ನೇ ನೋಡಿ ಹೋಗುವುದು ಅನ್ಯಾಯ. 'ಬಿಯರ್ ಸಿಟಿ ಯುಎಸ್‌ಎ' ಆನ್‌ಲೈನ್ ಮತದಾನದಲ್ಲಿ 2012ರಲ್ಲಿ ಆ್ಯಶ್‌ವಿಲ್ ಜೊತೆ ಸಮಸಮ ಬಂದು, 2013ರಲ್ಲಿ ಒಂಟಿಯಾಗಿ ಗೆದ್ದ ಊರಿದು. ಬ್ರೂವರಿ ವಿವಾಂಟ್‌ಗೆ ಖಂಡಿತ ಹೋಗಿ. ಬೆಲ್ಜಿಯಂ, ಫ್ರಾನ್ಸ್ ಶೈಲಿಯ ಬಿಯರ್ ಮಾಡುತ್ತಾರೆ. ಬಣ್ಣದ ಗಾಜಿನ ಕಿಟಕಿ, ಎತ್ತರದ ಮರದ ಚಾವಣಿ, ಒಳಗೆ ಕಾಲಿಟ್ಟರೆ ಚರ್ಚಿಗೆ ಬಂದ ಹಾಗಿರುತ್ತದೆ.

ಹುಬ್ಬಳ್ಳಿ ಹೈದ
ಅದು ಚರ್ಚಲ್ಲ. ಶವಸಂಸ್ಕಾರ ಮಾಡಿಸುವವರ ಪ್ರಾರ್ಥನಾ ಮಂದಿರವಾಗಿತ್ತು. ಮಾವನವರಿಗೆ ಮೊದಲೇ ಹೇಳಬೇಡಿ, ಬಿಲ್ಲು ಬಂದ ಮೇಲೆ ಹೇಳಿ.

ಗ್ರ್ಯಾಂಡ್ ರ‍್ಯಾಪಿಡ್ಸ್ ಗಿರಾಕಿ
ಹೌದು, ಅದೇ. ಹೇಳಿದರೆ ಯಾರೂ ಬರುವುದಿಲ್ಲವೆಂದು ನಾನು ಸುಮ್ಮನಿದ್ದೆ!

ದಂಡೆಯ ದಾರಿಹೋಕ
ನಿವಾಸಿಗಳೇ, ಒಂದು ಮಾತು. ನೀವು ಕೇಳಿದ್ದು ಸರೋವರದ ದಂಡೆಯ ಪ್ರವಾಸ. ಬೆಲ್ಸ್ ಇರುವ ಕಲಮಜೂ, ಫೌಂಡರ್ಸ್ ಇರುವ ಗ್ರ್ಯಾಂಡ್ ರ‍್ಯಾಪಿಡ್ಸ್ ಎರಡೂ ಒಳನಾಡು. ಅಲ್ಲಿ ಕುಳಿತರೆ ನೀರು ಕಾಣುವುದು ಗ್ಲಾಸಿನಲ್ಲಿ ಮಾತ್ರ. ಅವುಗಳ ಬಿಯರ್ ನೇಪರ್‌ವಿಲ್‌ನ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕಾಗಿ ಹೆದ್ದಾರಿಯಲ್ಲಿ ಅರ್ಧ ದಿನ ಕಳೆಯುವುದೇಕೆ?

ನಾನಾದರೆ ಪಟ್ಟಿಯಿಂದ ಹೊರಡುವುದಿಲ್ಲ, ರಾತ್ರಿ ಮಲಗುವ ಊರಿನಿಂದ ಹೊರಡುತ್ತೇನೆ. ಮಧ್ಯಾಹ್ನ ಮೂರು ನಾಲ್ಕಕ್ಕೆ ಊರು ತಲುಪಿ, ಕಾರಿನ ಕೀಲಿಯನ್ನು ಕೋಣೆಯಲ್ಲೇ ಬಿಟ್ಟು, ನಡೆದು ಹೋಗುವಷ್ಟು ದೂರದಲ್ಲಿ ಬ್ರೂವರಿ ಇರುವ ಊರುಗಳನ್ನು ಆರಿಸಿಕೊಳ್ಳಿ. ಸಾಗಟಕ್ ಅಂಥದ್ದು, ಫ್ರ್ಯಾಂಕ್‌ಫರ್ಟ್ ಅಂಥದ್ದು, ಟ್ರಾವರ್ಸ್ ಸಿಟಿಯಂತೂ ಹೇಳುವುದೇ ಬೇಡ. ಹೀಗೆ ಮಾಡಿದರೆ ನಿಮ್ಮ ಮನೆಯವರೂ ಎಲ್ಲರಂತೆ ಕಾಲು ಚಾಚಿ ಕುಳಿತುಕೊಳ್ಳಬಹುದು. ಎಂಟು ಬ್ರೂವರಿ ನಾಲ್ಕಾಗುತ್ತದೆ, ನಿಜ. ದಿನಕ್ಕೆ ಎರಡು ಮೂರು ಕಡೆ ನಿಂತು, ಪ್ರತಿ ಕಡೆಯೂ ಗಡಿಯಾರ ನೋಡುತ್ತ ಕುಡಿದ ಬಿಯರಿನ ರುಚಿ ಸಂಜೆಗೆ ಯಾರಿಗೆ ನೆನಪಿರುತ್ತದೆ?

ಕಲಮಜೂ ಕನ್ನಡತಿ
ದಾರಿಹೋಕರೇ, ಉಳಿದದ್ದಕ್ಕೆಲ್ಲ ನನ್ನ ಸಹಮತವಿದೆ, ಬೆಲ್ಸ್ ವಿಷಯಕ್ಕೆ ಬರಬೇಡಿ. 1985ರಲ್ಲಿ 15 ಗ್ಯಾಲನ್ ಸೂಪಿನ ಪಾತ್ರೆಯಲ್ಲಿ ಕುದಿಸಿ ಶುರು ಮಾಡಿದ ಬ್ರೂವರಿ. ಇಂದು ಮಿಷಿಗನ್‌ನಲ್ಲಿ ಮೂಲೆಗೊಂದು ಬ್ರೂವರಿ ಇರುವುದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಅವರು ಮೊದಲಿಗರು. ಅವರ ಟೂ ಹಾರ್ಟೆಡ್ ಬಿಯರ್ ಅಂಗಡಿಯಲ್ಲಿ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಅವರ ಎಕ್ಸೆಂಟ್ರಿಕ್ ಕೆಫೆಯ ತೋಟದಲ್ಲಿ ಕುಳಿತರೆ ಅಂಗಡಿಗೆ ಬಾರದ ಎಷ್ಟೋ ಬಗೆಗಳು ಸಿಗುತ್ತವೆ.

ಹಳೆ ಮೈಸೂರು
ಬೆಲ್ಸ್ ಈಗ ಬೆಲ್ ಅವರದ್ದಲ್ಲವಲ್ಲ. 2021ರಲ್ಲಿ ಜಪಾನಿನ ಕಿರಿನ್ ಗುಂಪಿನ ಲಯನ್ ಕಂಪನಿಗೆ ಮಾರಿದರು. ಫೌಂಡರ್ಸ್ ಕೂಡ ಸ್ಪೇನಿನ ಮಾಹೂ ಸ್ಯಾನ್ ಮಿಗೆಲ್ ಕೈಯಲ್ಲಿದೆ. "ಆಯಾ ಊರಿನ ಬಿಯರ್" ಬೇಕೆಂದು ಕೇಳಿದವರಿಗೆ ಜಪಾನು, ಸ್ಪೇನಿನ ಬಿಯರ್ ಕುಡಿಸುತ್ತಿದ್ದೀರಿ.

ಕಲಮಜೂ ಕನ್ನಡತಿ
ಮಾಲೀಕರು ಬದಲಾದ ಮಾತ್ರಕ್ಕೆ ನೀರು ಬದಲಾಗಲಿಲ್ಲ. ಕುದಿಸುವವರೂ ಇಲ್ಲಿಯವರೇ.

ಹಳೆ ಮೈಸೂರು
ಲಾಭ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ ಅಷ್ಟೆ. ಹಾಗೆ ನೋಡಿದರೆ ನಮ್ಮವರೂ ಕಡಿಮೆಯಿಲ್ಲ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಬ್ರೂಯಿಂಗ್ ಎಂಬ ಹಳೆಯ ಕ್ರಾಫ್ಟ್ ಬ್ರೂವರಿಯ ಹಿಡಿತವನ್ನು 1997ರಲ್ಲಿ ನಮ್ಮ ಬೆಂಗಳೂರಿನ ಯುಬಿ ಗುಂಪಿನ ವಿಜಯ್ ಮಲ್ಯ ತೆಗೆದುಕೊಂಡರು. 2018ರಲ್ಲಿ ಅದು ಬಾಗಿಲು ಹಾಕಿತು. ಈ ಕಥೆ ಇಲ್ಲಿ ಎಷ್ಟು ಜನರಿಗೆ ಗೊತ್ತು?

ಹುಬ್ಬಳ್ಳಿ ಹೈದ
ಮಲ್ಯ ಬಂದರು. ಇನ್ನು ಚರ್ಚೆ ಲಂಡನ್ನಿಗೆ ಹೋಗುತ್ತದೆ, ಸೀಟು ಬೆಲ್ಟ್ ಹಾಕಿಕೊಳ್ಳಿ.

ನಿರ್ವಾಹಕರು
ಹೋಗುವುದಿಲ್ಲ. ಸರೋವರಕ್ಕೆ ಹಿಂತಿರುಗಿ.

ಮಜ್ಜಿಗೆ ಪಕ್ಷ
ನಾನು ಕುಡಿಯುವವನಲ್ಲ, ಕುಡಿಯುವವರಿಗೆ ಉಪದೇಶ ಮಾಡಲೂ ಬಂದಿಲ್ಲ. ಎಚ್-1ಬಿ ವೀಸಾದಲ್ಲಿರುವವರು ಓದಲಿ ಎಂದು ಬರೆಯುತ್ತಿದ್ದೇನೆ. ಮಿಷಿಗನ್‌ನಲ್ಲಿ ರಕ್ತದ ಆಲ್ಕೊಹಾಲ್ ಮಿತಿ 0.08. ಊರಿನ ಲೆಕ್ಕದಲ್ಲಿ ಹೇಳಬೇಕಾದರೆ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ. ಭಾರತದಲ್ಲಿ ಇದು 30. ಹೀಗಾಗಿ ಇಲ್ಲಿ ಮಿತಿ ಧಾರಾಳವಾಗಿದೆ ಎಂದು ನಮ್ಮವರು ನಿರಾಳವಾಗಿಬಿಡುತ್ತಾರೆ. ಆದರೆ ಸಿಕ್ಕಿಬಿದ್ದಾಗ ನಮಗೆ ಆಗುವ ಪೆಟ್ಟೇ ಬೇರೆ. ಕುಡಿದು ಓಡಿಸಿದ ಆರೋಪದಲ್ಲಿ ಬಂಧನವಾದರೆ ಸಾಕು, ನ್ಯಾಯಾಲಯ ತೀರ್ಪು ಕೊಡುವ ಮೊದಲೇ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. 2015ರಿಂದ ಈ ಪದ್ಧತಿ ಇದೆ. ಕೆಲಸ ಮುಂದುವರಿಸಬಹುದೇನೋ, ಆದರೆ ಒಮ್ಮೆ ಊರಿಗೆ ಹೋದರೆ ಹೊಸ ವೀಸಾಗೆ ಅರ್ಜಿ, ಅದರ ಜೊತೆಗೆ ವೈದ್ಯಕೀಯ ತಪಾಸಣೆ, ಕಾಯುವಿಕೆ. ನನ್ನ ಪರಿಚಯದ ಹುಡುಗನೊಬ್ಬ ತಂಗಿಯ ಮದುವೆಗೆ ಹೋಗಲಾರದೆ ವೀಡಿಯೊದಲ್ಲಿ ಧಾರೆ ನೋಡಿದ.

ತುಂಗಾತೀರ
ಇದನ್ನು ಎಲ್ಲರೂ ಎರಡು ಸಲ ಓದಿ. ಇನ್ನೊಂದು ಸಂಗತಿಯನ್ನೂ ಸೇರಿಸುತ್ತೇನೆ. ಇಲ್ಲಿನ ಬಿಯರನ್ನು ಊರಿನ ಕಿಂಗ್‌ಫಿಶರ್ ಲೆಕ್ಕದಲ್ಲಿ ಕುಡಿಯಬೇಡಿ. ಫೌಂಡರ್ಸ್‌ನ ಆಲ್ ಡೇ ಐಪಿಎ ಬಿಯರಿನಲ್ಲಿ ಆಲ್ಕೊಹಾಲ್ 4.7 ಶೇಕಡಾ, ಪರವಾಗಿಲ್ಲ. ಟೂ ಹಾರ್ಟೆಡ್ 7. ನ್ಯೂ ಹಾಲೆಂಡ್‌ನ ಡ್ರ್ಯಾಗನ್ಸ್ ಮಿಲ್ಕ್ 11. ಬೂರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಇಟ್ಟು ಹದಗೊಳಿಸಿದ ಸ್ಟೌಟ್ ಎಂಬ ಕಪ್ಪು ಬಿಯರ್ ಅದು. ಬಾಯಿಗೆ ಚಾಕಲೇಟು, ವೆನಿಲ್ಲಾ ಎಂದು ತಿಳಿಯುತ್ತದೆ, ಕಾಲಿಗೆ ತಿಳಿಯುವುದು ಎದ್ದು ನಿಂತ ಮೇಲೆ. ಸಣ್ಣ ಗ್ಲಾಸುಗಳನ್ನು ಹಲಗೆಯ ಮೇಲೆ ಜೋಡಿಸಿ ಕೊಡುತ್ತಾರಲ್ಲ, ಅದನ್ನು ಇಬ್ಬರು ಹಂಚಿಕೊಂಡರೆ ರುಚಿ ನೋಡಿದ ಹಾಗೂ ಆಯಿತು, ತಲೆಯೂ ಉಳಿಯಿತು.

ನೇಪರ್‌ವಿಲ್ ನಿವಾಸಿ
ವೀಸಾ ಮಾಹಿತಿಗೆ ಧನ್ಯವಾದ, ಭಾವಮೈದನಿಗೂ ಕಳಿಸಿದ್ದೇನೆ. ದಾರಿಹೋಕರ ಮಾತು ಸರಿಯೆನಿಸುತ್ತಿದೆ. ಹಾಗಾದರೆ ಮೊದಲ ರಾತ್ರಿ ಸಾಗಟಕ್? ಅಲ್ಲಿ ಏನಿದೆ?

ದಂಡೆಯ ದಾರಿಹೋಕ
ಶಿಕಾಗೋದಿಂದ ಎರಡೂವರೆ ಗಂಟೆ. ಹೊರಡುವಾಗ ಒಂದು ಗಂಟೆ ಕಳೆದುಕೊಳ್ಳುತ್ತೀರಿ ಎಂಬುದು ನೆನಪಿರಲಿ. ಮಿಷಿಗನ್ ಗಡಿ ದಾಟಿದೊಡನೆ ಗಡಿಯಾರ ಮುಂದಕ್ಕೆ ಹೋಗುತ್ತದೆ. ಊಟದ ಮುಂಗಡ ಕಾಯ್ದಿರಿಸಿ ತಡವಾಗಿ ತಲುಪುವವರಲ್ಲಿ ಅರ್ಧಕ್ಕರ್ಧ ಶಿಕಾಗೋದವರು.

ದಾರಿಯಲ್ಲಿ ಥ್ರೀ ಓಕ್ಸ್ ಎಂಬ ಸಣ್ಣ ಊರಿನಲ್ಲಿ ಜರ್ನಿಮ್ಯಾನ್ ಡಿಸ್ಟಿಲರಿ ಇದೆ. ಊಟ ಚೆನ್ನಾಗಿರುತ್ತದೆ, ಕಟ್ಟಡದ ಕಥೆ ಅದಕ್ಕಿಂತ ಚೆನ್ನಾಗಿದೆ. ಹಿಂದೆ ಹೆಂಗಸರ ಬಿಗಿ ಒಳಉಡುಪಿಗೆ ತಿಮಿಂಗಿಲದ ಎಲುಬಿನ ಪಟ್ಟಿ ಹಾಕುತ್ತಿದ್ದರು. ಅದರ ಬದಲು ಟರ್ಕಿ ಕೋಳಿಯ ಗರಿಯ ದಂಟಿನಿಂದ ಪಟ್ಟಿ ಮಾಡುವ ಕಾರ್ಖಾನೆಯನ್ನು ವಾರನ್ ಎಂಬವರು ಅಲ್ಲಿ ನಡೆಸಿದರು. ಆ ಮನುಷ್ಯ ಪಾನನಿಷೇಧದ ಕಟ್ಟಾ ಬೆಂಬಲಿಗ. ಈಗ ಅವರ ಕಾರ್ಖಾನೆಯಲ್ಲೇ ವಿಸ್ಕಿ ಬಟ್ಟಿ ಇಳಿಯುತ್ತಿದೆ. ಸಮೀಪದ ವಾರನ್ ಡ್ಯೂನ್ಸ್ ಮರಳುಗುಡ್ಡಗಳು ಉಳಿದಿರುವುದೂ ಅವರು ಆ ಜಾಗವನ್ನು ಕೊಂಡು ಕಾಪಾಡಿದ್ದರಿಂದಲೇ. ಗುಡ್ಡ ಹತ್ತಿ ಇಳಿದು ಆಮೇಲೆ ಊಟಕ್ಕೆ ಹೋಗಿ. ಕುಡಿಯುವುದನ್ನು ಸಂಜೆಗೆ ಇಟ್ಟುಕೊಳ್ಳಿ.

ಮಂಡ್ಯದ ಬೆಲ್ಲ
ಸಾಗಟಕ್ ಪಕ್ಕದಲ್ಲಿ ಮರಳಿನಡಿ ಹೂತುಹೋದ ಊರೊಂದಿದೆ ಎಂದು ಕೇಳಿದ್ದೆ, ನಿಜವೇ?

ದಂಡೆಯ ದಾರಿಹೋಕ
ನಿಜ. ಅದರ ಹೆಸರು ಸಿಂಗಪುರ! ಕಲಮಜೂ ನದಿ ಸರೋವರ ಸೇರುವಲ್ಲಿ 1836ರಲ್ಲಿ ಹುಟ್ಟಿದ ಮರಮುಟ್ಟಿನ ಊರು. 1871ರ ಅಕ್ಟೋಬರ್‌ನಲ್ಲಿ ಶಿಕಾಗೋ, ಹಾಲೆಂಡ್ ಎಲ್ಲ ಬೆಂಕಿಗೆ ಆಹುತಿಯಾದವು. ಮತ್ತೆ ಕಟ್ಟಲು ಮರ ಬೇಕಾಯಿತು, ಸುತ್ತಲಿನ ಕಾಡನ್ನು ಬೋಳಿಸಿ ಕಳಿಸಿದರು. ಮರವಿಲ್ಲದ ಮೇಲೆ ಮರಳನ್ನು ತಡೆಯುವವರು ಯಾರು? ಸರೋವರದ ಗಾಳಿ ದಿಬ್ಬಗಳನ್ನು ತಳ್ಳುತ್ತ ತಳ್ಳುತ್ತ ಊರನ್ನೇ ಮುಚ್ಚಿತು. 1875ರ ಹೊತ್ತಿಗೆ ಜನ ಜಾಗ ಖಾಲಿ ಮಾಡಿದ್ದರು.

ಮಂಡ್ಯದ ಬೆಲ್ಲ
ನಮ್ಮ ತಲಕಾಡಿನ ಕಥೆಯೇ! ಶಾಪ ಕೊಟ್ಟವರೊಬ್ಬರು ಮಾತ್ರ ಕಡಿಮೆ.

ಹಳೆ ಮೈಸೂರು
ತಲಕಾಡಿಗೂ ಶಾಪದ ಜೊತೆ ಕಟ್ಟೆ, ಕಾಡು, ಗಾಳಿ ಎಂದು ಭೂಗೋಳದವರು ಕಾರಣ ಹೇಳುತ್ತಾರೆ. ಅಲಮೇಲಮ್ಮ ಒಬ್ಬಳ ಮೇಲೆಯೇ ಹಾಕಬೇಡಿ.

ಗ್ರ್ಯಾಂಡ್ ರ‍್ಯಾಪಿಡ್ಸ್ ಗಿರಾಕಿ
ಮಸ್ಕೀಗನ್‌ನ ಪಿಜನ್ ಹಿಲ್ ಇದರ ತದ್ವಿರುದ್ಧ. ಅಲ್ಲಿ ಮರಳು ಊರನ್ನು ನುಂಗಲಿಲ್ಲ, ಊರು ಮರಳನ್ನು ನುಂಗಿತು. ಪಿಜನ್ ಹಿಲ್ ಎಂಬುದು ಸರೋವರದ ಬದಿಯ ದೊಡ್ಡ ಮರಳುಗುಡ್ಡ. ಎರಕದ ಅಚ್ಚಿಗೆ ಒಳ್ಳೆಯ ಮರಳೆಂದು ಫೌಂಡ್ರಿಗಳಿಗೆ ಅಗೆದು ಅಗೆದು ಸಾಗಿಸಿ ಗುಡ್ಡವೇ ಇಲ್ಲವಾಯಿತು. ಬ್ರೂವರಿಗೆ ಆ ಹೆಸರಿಟ್ಟಿದ್ದಾರೆ. ಹೀಗಾಗಿ ದಾರಿಹೋಕರು ಮಸ್ಕೀಗನ್ನನ್ನು ಪಟ್ಟಿಯಿಂದ ತೆಗೆದದ್ದು ನನಗೆ ಒಪ್ಪಿಗೆಯಿಲ್ಲ. ಚಂದದ ಪ್ರವಾಸಿ ಊರುಗಳನ್ನಷ್ಟೇ ನೋಡಿ ಬಂದರೆ ಮಿಷಿಗನ್ ನೋಡಿದಂತಾಗುವುದಿಲ್ಲ. ದುಡಿಯುವ ಊರಿನ ಬಾರಿನಲ್ಲಿ ಕುಳಿತರೆ ಪಕ್ಕದವರು ತಾವಾಗಿಯೇ ಮಾತಿಗೆ ಬರುತ್ತಾರೆ. ಪ್ರವಾಸಿ ಊರಿನಲ್ಲಿ ಪಕ್ಕದಲ್ಲಿ ಕುಳಿತಿರುವವರೂ ಶಿಕಾಗೋದವರೇ.

ದಂಡೆಯ ದಾರಿಹೋಕ
ಈ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮಧ್ಯಾಹ್ನದ ಊಟಕ್ಕೆ ನಿಲ್ಲಲಿ, ಒಂದು ಸಣ್ಣ ಗ್ಲಾಸು ಹಂಚಿಕೊಳ್ಳಲಿ.

ಸಸ್ಯಾಹಾರಿ ಸಂಚಾರಿ
ಮಾವನವರ ವಿಷಯ ಯಾರೂ ಎತ್ತಲೇ ಇಲ್ಲ. ರೈಟ್ ಬ್ರೈನ್‌ಗೆ ಹೋದರೆ ಬಿಯರಿನ ಪಟ್ಟಿಯನ್ನು ಕಣ್ಣಿಟ್ಟು ಓದಿ. ಅವರ ಹೆಸರಾಂತ ಮಂಗಲಿಟ್ಸ ಪಿಗ್ ಪೋರ್ಟರ್‌ಗೆ ಹೊಗೆಯಲ್ಲಿ ಬೇಯಿಸಿದ ಹಂದಿಯ ತಲೆ, ಮೂಳೆ ಹಾಕುತ್ತಾರೆ. ತಮಾಷೆಯಲ್ಲ. 2011ರ ಗ್ರೇಟ್ ಅಮೆರಿಕನ್ ಬಿಯರ್ ಉತ್ಸವದಲ್ಲಿ ಚಿನ್ನದ ಪದಕ ಪಡೆದ ಬಿಯರ್ ಅದು. ಪೋರ್ಟರ್ ಎಂದರೆ ಒಂದು ಬಗೆಯ ಕಪ್ಪು ಬಿಯರ್; ಆ ಮಾತೊಂದನ್ನೇ ನೋಡಿ "ಒಂದು ಕೊಡಿ" ಎಂದುಬಿಟ್ಟರೆ ಮಾವನವರ ವ್ರತ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ. ಬಿಯರನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕುವ ಹಳೆಯ ಪದ್ಧತಿಯೊಂದಿದೆ. ಬ್ರಿಟನ್ನಿನ ಪೀಪಾಯಿ ಬಿಯರುಗಳಲ್ಲಿ ಹೆಚ್ಚು. ಗಿನ್ನೆಸ್‌ನವರು ಇದನ್ನು ಕೈಬಿಡುವುದಾಗಿ 2015ರಲ್ಲಿ ಹೇಳಿ, ಆಮೇಲೆ ಬಿಟ್ಟರು. ಅಮೆರಿಕದ ಸಣ್ಣ ಬ್ರೂವರಿಗಳಲ್ಲಿ ಅಪರೂಪ, ಆದರೂ ಕೌಂಟರಿನಲ್ಲಿ ಕೇಳಿದರೆ ಬೇಸರಪಡದೆ ಹೇಳುತ್ತಾರೆ.

ಊಟಕ್ಕೆ ತೊಂದರೆಯಿಲ್ಲ. ಸ್ಟಾರ್ಮ್‌ಕ್ಲೌಡ್‌ನಲ್ಲಿ ಬಗೆಬಗೆಯ ಮಸಾಲೆ ಉದುರಿಸಿದ ಪಾಪ್‌ಕಾರ್ನ್ ಇದೆ. ಟ್ರಾವರ್ಸ್ ಸಿಟಿಯ ಹಳೆಯ ರೈಲು ನಿಲ್ದಾಣದಲ್ಲಿರುವ ಫಿಲ್ಲಿಂಗ್ ಸ್ಟೇಷನ್‌ನಲ್ಲಿ ಸೌದೆ ಒಲೆಯಲ್ಲಿ ಸುಟ್ಟ ಚಪ್ಪಟೆ ರೊಟ್ಟಿಗಳಿವೆ, ತರಕಾರಿಯದ್ದೂ ಇದೆ. ಲೀಲಂಡ್‌ನ ಫಿಶ್‌ಟೌನ್ ಹೆಸರು ಕೇಳಿ ಹೆದರಬೇಡಿ. ಮೀನುಗಾರರ ಹಳೆಯ ಮರದ ಗುಡಿಸಲುಗಳ ನಡುವೆ ಒಂದು ಚೀಸ್ ಅಂಗಡಿಯಿದೆ, ಮಾಂಸವಿಲ್ಲದ ಸ್ಯಾಂಡ್‌ವಿಚ್ ಮಾಡಿಕೊಡುತ್ತಾರೆ. ಆದರೂ ಚಟ್ನಿಪುಡಿಯ ಡಬ್ಬಿ ಕಾರಿನಲ್ಲಿರಲಿ.

ಹುಬ್ಬಳ್ಳಿ ಹೈದ
ಪಾಪ್‌ಕಾರ್ನಿಗೆ ಶೇಂಗಾ ಚಟ್ನಿಪುಡಿ ಉದುರಿಸಿ ಬೆಲ್ಜಿಯನ್ ಬಿಯರ್ ಜೊತೆ ತಿನ್ನಿ. ಆಮೇಲೆ ನನ್ನನ್ನು ನೆನೆಯಿರಿ.

ತುಂಗಾತೀರ
ದಾವಣಗೆರೆಯವರಿಗೆ ಹುಬ್ಬಳ್ಳಿಯವರು ಚಟ್ನಿಪುಡಿ ಹೇಳಿಕೊಡುವುದೇ?

ನೇಪರ್‌ವಿಲ್ ನಿವಾಸಿಯ ಮನೆಯವರು
ನಮಸ್ಕಾರ. "ಕಾರು ಓಡಿಸುವವರ ಚಿಂತೆ ಇಲ್ಲ" ಎಂಬುದು ನಾನೇ. ಕಲಮಜೂ ಅಕ್ಕ, ಆ ಸಾಲನ್ನು ನನಗೆ ಯಾರೂ ತೋರಿಸಿರಲಿಲ್ಲ, ನಮ್ಮ ನಾದಿನಿ ಕಳಿಸಿದಳು.

ನನಗೆ ಕಾರು ಓಡಿಸುವುದೆಂದರೆ ಇಷ್ಟ. ಅದರಲ್ಲೂ ಎಂ-22 ರಸ್ತೆಯನ್ನು ನಾನೇ ಓಡಿಸಬೇಕೆಂದು ಹಟವೇ ಇದೆ. ಆದರೆ ನಾಲ್ಕು ಜನ ಒಳಗೆ ನಗುತ್ತ ಕುಳಿತಿರುವಾಗ ನಿಂಬೆ ಸೋಡ ಹಿಡಿದು "ಇನ್ನೂ ಎಷ್ಟು ಹೊತ್ತು" ಎಂದು ಕೇಳುವ ಕೆಲಸ ನನ್ನದಲ್ಲ. ಗ್ರ್ಯಾಂಡ್ ರ‍್ಯಾಪಿಡ್ಸ್ ರದ್ದು, ಕಲಮಜೂ ಕೂಡ ರದ್ದು, ಕ್ಷಮಿಸಿ ಅಕ್ಕ. ಮರಳುಗುಡ್ಡಗಳಿಗೆ ಒಂದು ಪೂರ್ತಿ ಹಗಲು ಬೇಕು. ನಮ್ಮ ತಂದೆಗೆ ಮೊಣಕಾಲು ನೋವು, ಹೆಚ್ಚು ಹತ್ತಿಸಲಾಗದು. ಏನು ಮಾಡಬಹುದು?

ಕಲಮಜೂ ಕನ್ನಡತಿ
ಕ್ಷಮಿಸಿದ್ದೇನೆ. ಮುಂದಿನ ಸಲ ನೀವೊಬ್ಬರೇ ಬನ್ನಿ, ಫಿಲ್ಟರ್ ಕಾಫಿ ಕೊಡುತ್ತೇನೆ.

ದಂಡೆಯ ದಾರಿಹೋಕ
ಮೇಡಂ, ಹಾಗಾದರೆ ನಿಮಗೇ ಬರೆಯುತ್ತೇನೆ. ಎಂ-22 ಮ್ಯಾನಿಸ್ಟೀ ಬಳಿ ಶುರುವಾಗಿ ಲೀಲನಾ ಪರ್ಯಾಯ ದ್ವೀಪವನ್ನು ಸುತ್ತಿ ಟ್ರಾವರ್ಸ್ ಸಿಟಿಯಲ್ಲಿ ಮುಗಿಯುತ್ತದೆ. ಸುಮಾರು 116 ಮೈಲಿ. ಆತುರಪಟ್ಟರೆ ಮೂರು ಗಂಟೆ, ಆದರೆ ಆತುರಪಡುವ ರಸ್ತೆಯಲ್ಲ. ಆರ್ಕೇಡಿಯಾ ದಾಟಿದ ಮೇಲೆ ರಸ್ತೆಬದಿಯ ದಿಬ್ಬದಲ್ಲಿ ಮರದ ಮೆಟ್ಟಿಲುಗಳ ವೀಕ್ಷಣಾ ಸ್ಥಳ ಸಿಗುತ್ತದೆ. ತಂದೆಯವರು ಮೆಟ್ಟಿಲು ಹತ್ತದೆ ಕೆಳಗೆ ನಿಂತರೂ ನೀರು ಕಾಣುತ್ತದೆ. ಅಲ್ಲಿಂದ ಫ್ರ್ಯಾಂಕ್‌ಫರ್ಟ್ ಹತ್ತಿರ. ಎರಡನೆಯ ರಾತ್ರಿ ಅಲ್ಲೇ ಇರಿ. ಮುಖ್ಯ ಬೀದಿಯ ಒಂದು ತುದಿಗೆ ಕಡಲತೀರದಂಥ ಮರಳ ದಂಡೆ, ನಡುವೆ ಸ್ಟಾರ್ಮ್‌ಕ್ಲೌಡ್. ಸೆಪ್ಟೆಂಬರ್ ಕೊನೆಗೆ ಸೂರ್ಯ ಮುಳುಗುವುದು ಏಳೂವರೆಯ ಆಸುಪಾಸಿನಲ್ಲಿ. ಮೊದಲು ದಂಡೆ, ಆಮೇಲೆ ಬಿಯರ್. ಕುಡಿದು ನೀರಿಗಿಳಿಯುವ ಸಾಹಸವನ್ನು ಗಂಡಸರು ಮಾಡದಿರಲಿ. ಈ ಸರೋವರದ ಸೆಳೆತ ಸಮುದ್ರದ ಸೆಳೆತಕ್ಕಿಂತ ಕಡಿಮೆಯೇನಲ್ಲ.

ಮರುದಿನ ಸ್ಲೀಪಿಂಗ್ ಬೇರ್ ಡ್ಯೂನ್ಸ್. ಮೊಣಕಾಲು ನೋವಿನವರಿಗೆ ಪಿಯರ್ಸ್ ಸ್ಟಾಕಿಂಗ್ ರಸ್ತೆ ಹೇಳಿ ಮಾಡಿಸಿದ್ದು. ಮರದ ವ್ಯಾಪಾರಿಯೊಬ್ಬರು ತನ್ನ ಕಾಡನ್ನು ಜನ ನೋಡಲೆಂದು 1960ರ ದಶಕದಲ್ಲಿ ಹಾಕಿಸಿದ 7.4 ಮೈಲಿಯ ಸುತ್ತು. ಕಾರಿನಲ್ಲೇ ಹೋಗಬಹುದು, ಒಂಬತ್ತನೆಯ ನಿಲುಗಡೆಯಲ್ಲಿ ಸರೋವರ 450 ಅಡಿ ಕೆಳಗಿದೆ. ಅಲ್ಲಿ ಜನ ಮರಳಿನಲ್ಲಿ ಜಾರುತ್ತ ಕೆಳಗಿಳಿಯುತ್ತಾರೆ, ಹತ್ತಿ ಬರಲಾಗದೆ ರಕ್ಷಣಾ ಸಿಬ್ಬಂದಿಯನ್ನು ಕರೆಸುತ್ತಾರೆ, ಆಮೇಲೆ ಅದರ ಖರ್ಚನ್ನೂ ಕೊಡುತ್ತಾರೆ. ನಿಮ್ಮ ತಮ್ಮನ ಮೇಲೆ ಒಂದು ಕಣ್ಣಿರಲಿ.

ಮಧ್ಯಾಹ್ನ ಗ್ಲೆನ್ ಆರ್ಬರ್‌ನಲ್ಲಿ ಆರ್ಟ್ಸ್ ಟ್ಯಾವರ್ನ್. 1934ರಿಂದ ಇದೆ. ಚಾವಣಿ ತುಂಬ ಕಾಲೇಜುಗಳ ಬಾವುಟ, ಮೇಜಿನ ಮೇಲೆ ಆಲೂಗಡ್ಡೆಯ ಟೇಟರ್ ಟಾಟ್ಸ್. ಇಡೀ ದಂಡೆಯಲ್ಲಿ ನನಗೆ ಒಂದೇ ಬಾರು ಆರಿಸು ಎಂದರೆ ಇದನ್ನೇ ಆರಿಸುತ್ತೇನೆ. ಬ್ರೂವರಿಯಲ್ಲ, ಅಲಂಕಾರವಿಲ್ಲ, ಊರಿನವರು ಚಳಿಗಾಲದಲ್ಲೂ ಬರುವ ಜಾಗ. ಕೈಯಲ್ಲಿ ಒಂದಿಷ್ಟು ನಗದು ಇಟ್ಟುಕೊಂಡಿರಿ.

ಸಸ್ಯಾಹಾರಿ ಸಂಚಾರಿ
ಟೇಟರ್ ಟಾಟ್ಸ್ ಯಾವ ಎಣ್ಣೆಯಲ್ಲಿ ಕರಿಯುತ್ತಾರೆ ಎಂದು ಕೇಳಿ.

ಹುಬ್ಬಳ್ಳಿ ಹೈದ
ಕೇಳಬೇಡಿ. ಕೇಳಿದರೆ ಅದೂ ಹೋಗುತ್ತದೆ.

ಕೊಡಗಿನ ಕೋವಿ
ಬಿಯರ್ ಬಿಯರ್ ಎಂದು ಎಲ್ಲರೂ ದ್ರಾಕ್ಷಿಯನ್ನು ಮರೆತಿದ್ದೀರಿ. ಲೀಲನಾ ಮತ್ತು ಓಲ್ಡ್ ಮಿಷನ್ ಎರಡೂ ಪರ್ಯಾಯ ದ್ವೀಪಗಳಲ್ಲಿ ರೀಸ್ಲಿಂಗ್ ವೈನ್ ಚೆನ್ನಾಗಿ ಆಗುತ್ತದೆ. ಓಲ್ಡ್ ಮಿಷನ್ ತುದಿಯ ದೀಪಸ್ತಂಭ 45ನೆಯ ಅಕ್ಷಾಂಶದ ಪಕ್ಕದಲ್ಲೇ ಇದೆ. ಅಷ್ಟು ಉತ್ತರದಲ್ಲಿ ದ್ರಾಕ್ಷಿ ಹೇಗೆ ಎಂದು ನನಗೂ ಅಚ್ಚರಿಯಾಗಿತ್ತು. ಎಲ್ಲ ನೀರಿನ ಮಹಿಮೆ. ವಸಂತದಲ್ಲಿ ತಣ್ಣನೆಯ ಸರೋವರ ಗಿಡಗಳನ್ನು ಬೇಗ ಚಿಗುರಗೊಡುವುದಿಲ್ಲ, ಹಾಗಾಗಿ ಕೊನೆಯ ಹಿಮಕ್ಕೆ ಚಿಗುರು ಸುಡುವುದಿಲ್ಲ. ಶರತ್ಕಾಲದಲ್ಲಿ ಬೇಸಿಗೆಯಿಡೀ ಕಾದ ನೀರು ಚಳಿಯನ್ನು ತಡೆಯುತ್ತದೆ. ಚೆರ್ರಿ, ಸೇಬು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಲ್ಲ ಆ ದಂಡೆಯಲ್ಲಿ ಬೆಳೆಯುವುದೂ ಇದರಿಂದಲೇ. ಕಾಫಿ ತೋಟದಲ್ಲಿ ಬೆಳೆದವನಿಗೆ ಇಂಥದ್ದು ಬಿಯರಿಗಿಂತ ಹೆಚ್ಚು ಕಿಕ್ ಕೊಡುತ್ತದೆ.

ಮಂಡ್ಯದ ಬೆಲ್ಲ
ಸೆಪ್ಟೆಂಬರಿನಲ್ಲಿ ಚೆರ್ರಿ ಸಿಗುತ್ತದೆಯೇ?

ಕೊಡಗಿನ ಕೋವಿ
ಮರದಲ್ಲಿ ಇಲ್ಲ, ಕೊಯ್ಲು ಜುಲೈನಲ್ಲಿ ಮುಗಿಯುತ್ತದೆ. ಸೇಬಿನ ಕಾಲ ಅದು, ಸೇಬಿನ ರಸವನ್ನು ಹುಳಿಸಿ ಮಾಡಿದ ಸೈಡರ್ ಕುಡಿಯಿರಿ. ಟ್ರಾವರ್ಸ್ ಸಿಟಿಯಲ್ಲಿ 1885ರಲ್ಲಿ ಶುರುವಾದ ದೊಡ್ಡ ಮಾನಸಿಕ ಆಸ್ಪತ್ರೆಯ ಕಟ್ಟಡಗಳಲ್ಲಿ ಈಗ ಮನೆ, ಅಂಗಡಿ, ಬೇಕರಿಗಳಿವೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಕಟ್ಟಡದಲ್ಲಿ ಲೆಫ್ಟ್ ಫುಟ್ ಚಾರ್ಲಿ ಎಂಬ ವೈನರಿ ಇದೆ, ಸೈಡರ್ ಕೂಡ ಮಾಡುತ್ತಾರೆ. ಅಂಗಳದ ಹಳೆಯ ಮರಗಳ ಕೆಳಗೆ ಮಾವನವರನ್ನು ಕೂರಿಸಿ, ಸಂತೋಷಪಡುತ್ತಾರೆ.

ಹುಬ್ಬಳ್ಳಿ ಹೈದ
ಮೊದಲು ಶವಸಂಸ್ಕಾರದ ಮಂದಿರ, ಈಗ ಮಾನಸಿಕ ಆಸ್ಪತ್ರೆ. ಅಮೆರಿಕದವರಿಗೆ ಕುಡಿಯಲು ಖಾಲಿ ಸೈಟು ಸಿಗುವುದೇ ಇಲ್ಲವೇ?

ಮಜ್ಜಿಗೆ ಪಕ್ಷ
ಟ್ರಾವರ್ಸ್ ಸಿಟಿಯಿಂದ ಸಟನ್ಸ್ ಬೇಗೆ ಹಳೆಯ ರೈಲು ಹಾದಿಯ ಮೇಲೆ 17 ಮೈಲಿಯ ಸೈಕಲ್ ದಾರಿ ಇದೆ, ಲೀಲನಾ ಟ್ರೇಲ್. ನಾನು ಹೋಗಿದ್ದೇನೆ, ದಾರಿ ಸಮತಟ್ಟಾಗಿದೆ, ತೋಟಗಳ ನಡುವೆ ಸಾಗುತ್ತದೆ. ಹೋಗುವಾಗ ಸೈಕಲ್, ಬರುವಾಗ ಸೈಕಲನ್ನು ಬಸ್ಸಿಗೆ ಏರಿಸಿ ವಾಪಸು. ಬಾಟಾ ಎಂಬ ಸ್ಥಳೀಯ ಬಸ್ ಸಂಸ್ಥೆ ಋತುವಿನಲ್ಲಿ ಈ ವ್ಯವಸ್ಥೆ ಮಾಡುತ್ತದೆ, ದಿನ ಸಮಯ ನೋಡಿಕೊಳ್ಳಿ. ನೀವು ಗುರುತು ಹಾಕಿರುವ ಹಾಪ್ ಲಾಟ್ ಆ ತುದಿಯಲ್ಲೇ ಇದೆ, ಮರಗಳ ನಡುವಿನ ಬಯಲು ಬಿಯರ್ ತೋಟ. ಕಾರೇ ಬೇಡ.

ನೇಪರ್‌ವಿಲ್ ನಿವಾಸಿ
ಮಜ್ಜಿಗೆಯವರೇ ಬಿಯರಿಗೆ ದಾರಿ ತೋರಿಸಿದ ಮೇಲೆ ಇನ್ನೇನು ಬೇಕು! ಒಂದು ಅನುಮಾನ: ಶಾರ್ಟ್ಸ್ ಬಿಡಲೇ?

ತುಂಗಾತೀರ
ಬಿಡಬೇಡಿ. ಬೆಲ್ಲೇರ್ ಟ್ರಾವರ್ಸ್ ಸಿಟಿಯಿಂದ ಒಂದು ಗಂಟೆ. 2004ರಲ್ಲಿ ಹಳೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ತೆರೆದ ಪಬ್ಬು. ಬಹಳ ವರ್ಷ ಮಿಷಿಗನ್ ಬಿಟ್ಟು ಹೊರಗೆ ಒಂದು ಬಾಟಲಿಯನ್ನೂ ಮಾರುವುದಿಲ್ಲ ಎಂದು ಕುಳಿತಿದ್ದರು. ಹಣ್ಣು ಹಾಕಿದ ಸಾಫ್ಟ್ ಪರೇಡ್ ಬಿಯರ್ ಇಷ್ಟಪಡದವರಿಗೂ ಹಿಡಿಸುತ್ತದೆ, 7.5 ಶೇಕಡಾ ಎಂಬುದನ್ನು ಬಣ್ಣ ಹೇಳುವುದಿಲ್ಲ. ದಾರಿಯಲ್ಲಿ ಟಾರ್ಚ್ ಲೇಕ್ ಕಾಣುತ್ತದೆ. 19 ಮೈಲಿ ಉದ್ದ, ನೀರಿನ ನೀಲಿ ನೋಡಿ ಬಣ್ಣ ಬೆರೆಸಿದ್ದಾರೇನೋ ಎನ್ನಿಸುತ್ತದೆ.

ದಂಡೆಯ ದಾರಿಹೋಕ
ಹೋಗಿ ಬರಲು ಎರಡು ಗಂಟೆ, ಕುಡಿದ ಮೇಲೆ ಮತ್ತೆ ಅದೇ ಮೇಡಂ ಕಾರು ಓಡಿಸಬೇಕು. ನಾನು ಬೇಡವೆನ್ನುತ್ತೇನೆ.

ತುಂಗಾತೀರ
ಬೆಲ್ಲೇರ್‌ನಲ್ಲೇ ಕೊನೆಯ ರಾತ್ರಿ ಮಲಗಲಿ. ನಿಮ್ಮದೇ ಸೂತ್ರ ತಾನೆ?

ದಂಡೆಯ ದಾರಿಹೋಕ
ಹಾಗಾದರೆ ವಾಪಸಾತಿ ಉದ್ದವಾಗುತ್ತದೆ. ನಾನು ಬೇರೆ ಯೋಚನೆ ಇಟ್ಟಿದ್ದೆ. ಲಡಿಂಗ್ಟನ್‌ನಿಂದ ಎಸ್‌ಎಸ್ ಬ್ಯಾಜರ್ ಹಡಗು. ಕಾರನ್ನೂ ಏರಿಸಿಕೊಂಡು ಸರೋವರವನ್ನು ಅಡ್ಡ ದಾಟಿ ವಿಸ್ಕಾನ್ಸಿನ್‌ನ ಮ್ಯಾನಿಟೊವಾಕ್‌ಗೆ ಬಿಡುತ್ತದೆ. 60 ಮೈಲಿ, ನಾಲ್ಕು ಗಂಟೆ. 1953ರಿಂದ ಓಡುತ್ತಿರುವ, ಈಗಲೂ ಕಲ್ಲಿದ್ದಲಿನ ಉಗಿಯಲ್ಲೇ ನಡೆಯುವ ಹಡಗು. ಒಳಗೆ ಬಾರೂ ಇದೆ, ಕಾರು ಓಡಿಸುವವರು ಯಾರೂ ಇಲ್ಲ. ಹೋಗುವಾಗ ಕಳೆದುಕೊಂಡ ಒಂದು ಗಂಟೆ ನೀರಿನ ನಡುವೆ ವಾಪಸು ಸಿಗುತ್ತದೆ. ಅಲ್ಲಿಂದ ಮಿಲ್ವಾಕಿ ದಾರಿಯಾಗಿ ಮನೆಗೆ. ಸಮಸ್ಯೆಯೊಂದೇ, ಬೆಳಿಗ್ಗೆ ಒಂಬತ್ತಕ್ಕೆ ಹೊರಡುತ್ತದೆ, ಹಾಗಾಗಿ ಹಿಂದಿನ ರಾತ್ರಿ ಲಡಿಂಗ್ಟನ್ ಕಡೆಗೆ ಬಂದಿರುವುದು ಒಳ್ಳೆಯದು. ಟಿಕೆಟ್ ಮೊದಲೇ ತೆಗೆದಿಡಿ, ಅಕ್ಟೋಬರ್ ನಡುವಿಗೆ ನಿಲ್ಲಿಸಿಬಿಡುತ್ತಾರೆ.

ನೇಪರ್‌ವಿಲ್ ನಿವಾಸಿಯ ಮನೆಯವರು
ಹಡಗು ಖಾಯಂ. ನಮ್ಮ ತಂದೆ ಈಗಲೇ ಕಲ್ಲಿದ್ದಲು ಎಷ್ಟು ಬೇಕಾಗುತ್ತದೆ ಎಂದು ಲೆಕ್ಕ ಹಾಕುತ್ತ ಕುಳಿತಿದ್ದಾರೆ. ಶಾರ್ಟ್ಸ್ ಮುಂದಿನ ವರ್ಷ, ಅವರವರೇ ಹೋಗಿಬರಲಿ.

ನೇಪರ್‌ವಿಲ್ ನಿವಾಸಿ
ನಿರ್ಧಾರವಾಯಿತು ಎಂದು ಈಗ ಓದಿ ತಿಳಿದುಕೊಂಡೆ. ಸಾಗಟಕ್, ಫ್ರ್ಯಾಂಕ್‌ಫರ್ಟ್, ಟ್ರಾವರ್ಸ್ ಸಿಟಿ, ಲಡಿಂಗ್ಟನ್, ಆಮೇಲೆ ಹಡಗು. ಮಾವನವರಿಗೆ ಕೌಂಟರಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆಯೇ? 68 ವರ್ಷ ಅವರಿಗೆ.

ಗ್ರ್ಯಾಂಡ್ ರ‍್ಯಾಪಿಡ್ಸ್ ಗಿರಾಕಿ
ಕೇಳಬಹುದು. ಬಿಳಿಗಡ್ಡ ನೋಡಿಯೂ ಕೇಳುವವರಿದ್ದಾರೆ. ಭಾರತದ ಆಧಾರ್ ತೋರಿಸಿದರೆ ನಡೆಯುವುದಿಲ್ಲ, ಪಾಸ್‌ಪೋರ್ಟ್ ಜೊತೆಗಿರಲಿ.

ಹಳೆ ಮೈಸೂರು
ಮನೆಗೆ ಬಿಯರ್ ತರುವುದಾದರೆ ಮುಚ್ಚಿದ ಕ್ಯಾನುಗಳನ್ನೇ ತನ್ನಿ. ತೆರೆದ ಗ್ರೌಲರ್, ಅಂದರೆ ಬ್ರೂವರಿಯಲ್ಲಿ ಬಿಯರ್ ತುಂಬಿಸಿಕೊಡುವ ದೊಡ್ಡ ಬಾಟಲಿ, ಇದ್ದರೆ ಡಿಕ್ಕಿಯಲ್ಲಿಡಿ, ಸೀಟಿನ ಬಳಿ ಬೇಡ. ಮಿಷಿಗನ್‌ನಲ್ಲಿ ಪ್ರತಿ ಕ್ಯಾನಿಗೆ 10 ಸೆಂಟು ಠೇವಣಿ ಕಟ್ಟಿಸಿಕೊಳ್ಳುತ್ತಾರೆ, ಖಾಲಿ ಕ್ಯಾನನ್ನು ಅಲ್ಲೇ ಅಂಗಡಿಗೆ ಕೊಟ್ಟರೆ ಆ ಹಣ ವಾಪಸು. ಇಲಿನಾಯ್ಸ್‌ಗೆ ತಂದರೆ ಹೋಯಿತು.

ಹುಬ್ಬಳ್ಳಿ ಹೈದ
ಹಾಗಾದರೆ ಇಲಿನಾಯ್ಸ್‌ನ ಖಾಲಿ ಕ್ಯಾನುಗಳನ್ನು ಡಿಕ್ಕಿ ತುಂಬ ಒಯ್ದು ಅಲ್ಲಿ ಕೊಟ್ಟರೆ ಪೆಟ್ರೋಲ್ ಖರ್ಚು ಹುಟ್ಟುತ್ತದಲ್ಲ?

ಹಳೆ ಮೈಸೂರು
ಅದು ಅಪರಾಧ. ಬೇರೆ ರಾಜ್ಯದ ಕ್ಯಾನುಗಳನ್ನು ಒಯ್ದು ಠೇವಣಿ ಕೇಳುವವರಿಗೆಂದೇ ಕಾನೂನು ಮಾಡಿದ್ದಾರೆ.

ಹುಬ್ಬಳ್ಳಿ ಹೈದ
ನಮ್ಮಂಥವರು ಮೊದಲೇ ಬಂದು ಹೋಗಿದ್ದಾರೆ ಎಂದಾಯಿತು.

ನಿರ್ವಾಹಕರು
ಕ್ಯಾನು ಕಳ್ಳಸಾಗಣೆಗೆ ಬೇರೆ ವಿಷಯ ತೆರೆಯಬೇಡಿ, ತೆಗೆದುಹಾಕುತ್ತೇನೆ.